ಮೂರೂವರೆ ಕಿಲೋಮೀಟರಿಗೆ ಎರಡು ತಾಸು

ಉದ್ದು ನೆನೆಹಾಕಿದ್ದು. ಹಾಲು ಒಡೆಯಿತು, ಬೇರೆ ತಂದದ್ದು. ವಾಷಿಂಗ್ ಮಶೀನಿನ ಪೈಪು ಸೋರುತ್ತಿದೆ, ಹಳೇ ಟವೆಲ್ ಸುತ್ತಿಟ್ಟದ್ದು. ಇವರಿಗೆ ಡಬ್ಬಿ ಬೇಡ, ರಜೆ. ಬಿಳಿ ಓಢಣಿ ಇಸ್ತ್ರಿ. ಸ್ಕೂಟರಿಗೆ ಪೆಟ್ರೋಲು, ಹಿಂದಿನ ಚಕ್ರಕ್ಕೆ ಗಾಳಿ. ತುಪ್ಪ ಅರ್ಧ ಕಿಲೋದ್ದು ಆರು ಪ್ಯಾಕೆಟ್, ಕರ್ಪೂರ, ಗಂಧದ ಚಕ್ಕೆ. ಶಹಾಡ್.

ಇಷ್ಟೂ ಒಂದು ದಿನದ ಕೆಲಸ. ಹಳೆಯ ಗೋಡೆ ಕ್ಯಾಲೆಂಡರಿನ ಒಂದೇ ಚೌಕದೊಳಗೆ, ಇರುವೆ ಸಾಲಿನಂಥ ನನ್ನ ಅಕ್ಷರದಲ್ಲಿ ಇದೆ. ದಿನಚರಿ ಪುಸ್ತಕದ ಒಂದು ಪುಟ ತುಂಬಿಸುವಷ್ಟು ನನ್ನ ದಿನಗಳಲ್ಲಿ ಏನೂ ನಡೆಯುವುದಿಲ್ಲ. ಕ್ಯಾಲೆಂಡರಿನ ಚೌಕವಾದರೆ ಸರಿಹೋಗುತ್ತದೆ. ಮದುವೆಯಾಗಿ ಕಾಪು ಕಡೆಯಿಂದ ಡೊಂಬಿವಲಿಗೆ ಬಂದ ವರ್ಷದಿಂದ ಹೀಗೇ ಬರೆದುಕೊಂಡು ಬಂದಿದ್ದೇನೆ. ವರ್ಷ ಮುಗಿದ ಮೇಲೆ ಆ ಹಾಳೆಗಳು ಅಡುಗೆಮನೆಯ ಶೆಲ್ಫಿಗೆ ಹಾಸಲು ಹೋಗುತ್ತವೆ. ಮೊನ್ನೆ ಬೇಳೆ ಡಬ್ಬಿಗಳನ್ನೆಲ್ಲ ಇಳಿಸಿ ಹಾಸು ಬದಲಿಸುವಾಗ ಈ ಚೌಕ ಕಣ್ಣಿಗೆ ಬಿತ್ತು. ಕೆಲಸ ಅಲ್ಲಿಗೇ ನಿಂತಿತು. ಸ್ಟೂಲಿನ ಮೇಲೆ ನಿಂತುಕೊಂಡೇ ಓದಿದೆ. ಕೊನೆಯ ಎರಡು ಸಾಲು ನನ್ನ ಅಕ್ಷರವಲ್ಲ. ಅದರ ವಿಷಯ ಕೊನೆಗೆ ಹೇಳುತ್ತೇನೆ, ಮೊದಲು ನನ್ನ ಸ್ಕೂಟರಿನ ವಿಷಯ ಹೇಳಬೇಕು.

ನಾನು ಬಹಳ ನಿಧಾನ. ನಡೆಯುವುದು, ಉಣ್ಣುವುದು, ತರಕಾರಿ ಹೆಚ್ಚುವುದು, ಎಲ್ಲವೂ. ಡೊಂಬಿವಲಿ ಸ್ಟೇಷನ್ನಿನಲ್ಲಿ ಫಾಸ್ಟ್ ಲೋಕಲ್ ಬಂದು ನಿಂತಿದ್ದರೂ ಅದನ್ನು ಬಿಟ್ಟು ಸ್ಲೋ ಲೋಕಲಿಗೆ ಕಾಯುವ ಹೆಂಗಸು ಬಹುಶಃ ನಾನೊಬ್ಬಳೇ. ನಲವತ್ತೊಂದನೆಯ ವಯಸ್ಸಿನಲ್ಲಿ ಸ್ಕೂಟರ್ ಕಲಿತೆ. ರಿಕ್ಷಾದವರು ನನ್ನನ್ನು ದಾಟುವಾಗ ಒಮ್ಮೆ ತಿರುಗಿ ನೋಡಿ, ಗಾಡಿ ಹಾಳಾಗಿದೆಯೋ ಎಂದು ಕೇಳಿ ಹೋಗುತ್ತಾರೆ. ಇವರು, ಅಂದರೆ ನನ್ನ ಗಂಡ, ಘಣಸೋಲಿಯಲ್ಲಿ ಒಂದು ಹೋಟೆಲಿನ ಮ್ಯಾನೇಜರು. ಒಮ್ಮೆ ನನ್ನ ಹಿಂದೆ ಕುಳಿತು ಸ್ಟೇಷನ್ನಿಗೆ ಬಂದವರು ಇಳಿದು ಹೇಳಿದ್ದು: "ನಿನ್ನ ಹಿಂದೆ ಕೂತ್ರೆ ಪೇಪರ್ ಓದಿ ಮುಗಿಸ್ಬಹುದು ಮಾರಾಯ್ತಿ, ಪುರವಣಿ ಸಮೇತ." (ಹೇಳಿದ್ದು ತುಳುವಿನಲ್ಲಿ, ನಾನು ಕನ್ನಡ ಮಾಡಿದ್ದೇನೆ. ತುಳುವಿನಲ್ಲಿ ಇನ್ನೂ ಸ್ವಲ್ಪ ಖಾರ ಇತ್ತು.)

ಹಾಗಂತ ನನ್ನ ನಿಧಾನಕ್ಕೆ ಮರ್ಯಾದೆ ಸಿಕ್ಕಿದ್ದೇ ಇಲ್ಲ ಎನ್ನುವ ಹಾಗಿಲ್ಲ. ಏಳನೆಯ ಕ್ಲಾಸಿನಲ್ಲಿ ನಾನು ನಿಧಾನ ಸೈಕಲ್ ಸ್ಪರ್ಧೆಯಲ್ಲಿ ಮೊದಲು ಬಂದಿದ್ದೆ. ಈ ಸ್ಪರ್ಧೆ ನಿಮಗೂ ಗೊತ್ತಿರಬೇಕು. ಸುಣ್ಣದ ಗೆರೆ ಎಳೆದ ಓಣಿಯೊಳಗೆ ಸೈಕಲ್ ಬಿಡಬೇಕು, ಕಾಲು ನೆಲಕ್ಕೆ ತಾಗಬಾರದು, ಕೊನೆಗೆ ಮುಟ್ಟಿದವರು ಗೆದ್ದ ಹಾಗೆ. ಸೋದರಮಾವನ ಸೈಕಲ್ಲು ನನ್ನ ಎದೆಯೆತ್ತರ ಇತ್ತು. ಉಳಿದ ಆರು ಹುಡುಗಿಯರು ಬಿದ್ದೋ, ಮುಟ್ಟಿಯೋ ಮುಗಿಸಿದ ಮೇಲೂ ನಾನು ಅರ್ಧ ದಾರಿಯಲ್ಲಿದ್ದೆ. ಎಷ್ಟು ನಿಧಾನ ಎಂದರೆ, ನಾನು ಗುರಿ ಮುಟ್ಟುವಷ್ಟರಲ್ಲಿ ಸೀಟಿ ಊದುವ ಡ್ರಿಲ್ ಮೇಷ್ಟ್ರು ಊಟಕ್ಕೆ ಹೋಗಿಯಾಗಿತ್ತು, ಸುಣ್ಣದ ಗೆರೆಯನ್ನು ಗೋಣಿಚೀಲದ ಓಟದವರು ಅಳಿಸಿಯಾಗಿತ್ತು. ಚಪ್ಪಾಳೆ ತಟ್ಟಲು ಐಸ್‌ಕ್ಯಾಂಡಿ ಮಾರುವವನೊಬ್ಬ ಇದ್ದ. ಬಹುಮಾನ, ಹಸಿರು ಬಣ್ಣದ ಒಂದು ಸಾಬೂನು ಪೆಟ್ಟಿಗೆ. ಮುಚ್ಚಳ ಒಡೆದಿದೆ, ಪೆಟ್ಟಿಗೆ ಈಗಲೂ ಇದೆ. ಅದರಲ್ಲಿ ಪಿನ್ನು, ಗುಂಡಿ ಹಾಕಿಡುತ್ತೇನೆ.

ನಿಶಾ ನನ್ನ ಮಗಳು. ಅವಳದ್ದು ನನಗೆ ತದ್ವಿರುದ್ಧ. ಇಪ್ಪತ್ತೈದು ವಯಸ್ಸು, ದೊಡ್ಡ ಗಾಡಿ. ಗಾಡಿ ಎಂದರೆ ನಮ್ಮಲ್ಲಿ ಮೋಟರ್‌ಬೈಕು. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ತುಳುವಿನಲ್ಲಿ ಬೈದರೆ ಮರಾಠಿಯಲ್ಲಿ. ಅವಳು ಭಾನುವಾರಗಳಲ್ಲಿ ಬಿಳಿ ಅಂಗಿ ಹಾಕಿಕೊಂಡು ಎಲ್ಲಿಗೋ ಹೋಗತೊಡಗಿದಾಗ ತಾಯಿಯಾದವಳು ಏನು ಯೋಚಿಸುತ್ತಾಳೋ ಅದನ್ನೇ ನಾನೂ ಯೋಚಿಸಿದೆ. ಹಾಗೇನೂ ಅಲ್ಲವಾಗಿತ್ತು. ಸೈನ್ಯದಲ್ಲಿ ತೀರಿಕೊಂಡ ಹುಡುಗರ ದೇಹ ಊರಿಗೆ ಬಂದಾಗ ಅದರ ಮುಂದೆ ಗಾಡಿ ಸಾಲು ಕಟ್ಟಿ ಹೋಗುವವರ ಒಂದು ಗುಂಪಂತೆ. ಇವರನ್ನು ಯಾರೂ ಕರೆಯುವುದಿಲ್ಲ, ಯಾರೂ ಕಳಿಸುವುದಿಲ್ಲ. ಫೋನಿನಲ್ಲಿ ಸುದ್ದಿ ಬಂದರೆ ಮನೆಯವರ ಅನುಮತಿ ಕೇಳಿ, ರಜೆ ಹಾಕಿ ಹೊರಡುತ್ತಾರೆ. ಠಾಣೆಯ ಹಲ್ಲಿನ ಡಾಕ್ಟರು, ಘಣಸೋಲಿಯ ಮೀನಿನ ವ್ಯಾಪಾರದ ಅಣ್ಣ-ತಮ್ಮ, ಕಳವಾ ಕಾರ್‌ಶೆಡ್ಡಿನ ಒಬ್ಬ ಫಿಟ್ಟರು, ಹೀಗೆ ಇಪ್ಪತ್ತೆರಡು ಜನ. ಯಜಮಾನಿಕೆ ಮಾನೆಯವರದ್ದು. ರಿಟೈರ್ಡ್ ಹವಾಲ್ದಾರರು. ಅವರ ಕಾನೂನು ಮೂರು: ಹಾರ್ನ್ ಇಲ್ಲ, ಫೋಟೋ ಇಲ್ಲ, ಸಾಲು ಮುರಿಯುವಂತಿಲ್ಲ.

ನನಗೆ ತಿಳಿಯದೇ ಇದ್ದದ್ದು ಏನೆಂದರೆ, ಈ ಕೆಲಸದಲ್ಲಿ ಕಷ್ಟದ್ದು ವೇಗವಲ್ಲ, ನಿಧಾನ. ಹಿಂದೆ ಜನ ನಡೆದುಕೊಂಡು ಬರುತ್ತಿರುತ್ತಾರೆ. ಅವರ ಹೆಜ್ಜೆಗೆ ಸರಿಯಾಗಿ ಇನ್ನೂರು ಕಿಲೋ ತೂಕದ ಗಾಡಿ ಬಿಡಬೇಕು. ಎಂಜಿನ್ನು ಕಾದು ತೊಡೆ ಸುಡುತ್ತದೆ, ಕ್ಲಚ್ಚು ಹಿಡಿದು ಹಿಡಿದು ಎಡಗೈ ಮರಗಟ್ಟುತ್ತದೆ. ಅದಕ್ಕೇ ಭಾನುವಾರಗಳಲ್ಲಿ ಕಲ್ಯಾಣದ ಹೊರಗಿನ ಒಂದು ಬಯಲಿನಲ್ಲಿ ಅಭ್ಯಾಸ. ನಿಶಾ ಮರೆತುಹೋಗಿದ್ದ ನೀರಿನ ಬಾಟಲಿ ಕೊಡಲು ಒಮ್ಮೆ ಅಲ್ಲಿಗೆ ಹೋದೆ. ದೊಡ್ಡ ದೊಡ್ಡ ಗಾಡಿಯ ಗಡ್ಡದ ಹುಡುಗರು ನಿಧಾನ ಹೋಗಲಾರದೆ ಓಲಾಡುತ್ತ ಕಾಲು ಊರುತ್ತಿದ್ದರು. ನನ್ನ ಡ್ರಿಲ್ ಮೇಷ್ಟ್ರು ಇದ್ದಿದ್ದರೆ ಎಲ್ಲರನ್ನೂ ಹೊರಗೆ ಹಾಕುತ್ತಿದ್ದರು. ನಾನು ಅವರ ನಡುವಿನಿಂದ ನನ್ನ ಸ್ಕೂಟರಿನಲ್ಲಿ, ನನ್ನ ಎಂದಿನ ವೇಗದಲ್ಲಿ, ನಿಶಾಳ ಹತ್ತಿರ ಹೋದೆ. ಮಾನೆ ಸಾಹೇಬರು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದವರು ಹುಡುಗರಿಗೆ ಹೇಳಿದರು, "ಬಘಾ, ಕಾಕೂಂಕಡೂನ ಶಿಕಾ." ನೋಡಿ, ಕಾಕೂನಿಂದ ಕಲಿಯಿರಿ. ಕಾಕೂ ಎಂದರೆ ಚಿಕ್ಕಮ್ಮ. ಆವತ್ತಿನಿಂದ ನಾನು ಆ ಗುಂಪಿಗೇ ಕಾಕೂ.

ಸಾಲಿನಲ್ಲಿ ಸ್ಕೂಟರಿಗೆ ಜಾಗವಿರಲಿಲ್ಲ. ಅದು ಗಾಡಿಗಳಿಗೆ ಮಾತ್ರ. ನನ್ನದು ಹಿಂದಿನ ಕೆಲಸ: ಹೆಂಗಸರ ಹತ್ತಿರ ಕೂರುವುದು, ನೀರು ಕುಡಿಸುವುದು, ಸಾಮಾನು ತರುವುದು. ಚಿತೆಗೆ ಬೇಕಾದ ತುಪ್ಪ, ಗಂಧದ ಚಕ್ಕೆ ಗುಂಪಿನವರೇ ಒಯ್ಯುವುದು ನಮ್ಮಲ್ಲಿ ಪದ್ಧತಿ. ದೊಡ್ಡ ಗಾಡಿಗಳಿಗೆ ಇದ್ದಬದ್ದದ್ದೆಲ್ಲ ಇದೆ, ಸೀಟಿನ ಕೆಳಗೆ ಡಿಕ್ಕಿ ಮಾತ್ರ ಇಲ್ಲ. ನನ್ನ ಸ್ಕೂಟರಿಗೆ ಇದೆ.

ಆ ದಿನ ಬೆಳಿಗ್ಗೆ ಮಾನೆ ಸಾಹೇಬರ ಫೋನು. "ಕಾಕೂ, ಘರಚೇ ಲೋಕ ಕಾನಡೀ ಆಹೇತ. ಆಯೀ ಕುಣಾಶೀ ಬೋಲತ ನಾಹೀ. ತುಮ್ಹೀ ಯಾ." ಮನೆಯವರು ಕನ್ನಡದವರು, ತಾಯಿ ಯಾರ ಹತ್ತಿರವೂ ಮಾತಾಡುತ್ತಿಲ್ಲ, ನೀವು ಬನ್ನಿ. ತುಪ್ಪದ ಅಂಗಡಿಯವನನ್ನು ಎಬ್ಬಿಸಿ ಶಟರ್ ತೆಗೆಸಿ, ಆರು ಪ್ಯಾಕೆಟ್ ಡಿಕ್ಕಿಗೆ ಹಾಕಿಕೊಂಡು ಹೊರಟೆ. ನಿಶಾ ಮೊದಲೇ ಹೋಗಿದ್ದಳು. ನಾನು ಶಹಾಡ್ ಮುಟ್ಟುವಾಗ ಒಂಬತ್ತೂವರೆ.

ಹುಡುಗನ ಹೆಸರು ಈರಣ್ಣ. ಇಪ್ಪತ್ತಾರು ವರ್ಷ. ಗಡಿಯ ಕಡೆ ಹಿಮ ಕುಸಿದು ಹೋದದ್ದು. ಅಪ್ಪ ಬಸಪ್ಪ ವಿಜಯಪುರದ ಕಡೆಯವರು, ಮೂವತ್ತು ವರ್ಷ ಶಹಾಡಿನ ಒಂದು ಕಾರ್ಖಾನೆಯಲ್ಲಿ ದುಡಿದವರು. ಅವರಿದ್ದ ಚಾಳಿನಲ್ಲಿ ಉಳಿದವರೆಲ್ಲ ಮರಾಠಿ, ಹಿಂದಿಯವರು. ತಾಯಿ ನೀಲವ್ವ ಗೋಡೆಗೆ ಒರಗಿ ಕೂತಿದ್ದರು. ಸುತ್ತ ಇದ್ದ ಹೆಂಗಸರು ಪಾಪ, ತಮ್ಮ ತಮ್ಮ ಭಾಷೆಯಲ್ಲಿ ಸಮಾಧಾನ ಹೇಳುತ್ತಿದ್ದರು. ನಾನು ಪಕ್ಕದಲ್ಲಿ ಕೂತು, "ಅಮ್ಮ, ಸ್ವಲ್ಪ ನೀರು ಕುಡಿಯಿರಿ" ಎಂದೆ. ಅವರು ತಲೆ ಎತ್ತಿ ನನ್ನನ್ನು ನೋಡಿದರು.

"ಯಾವೂರ್ರಿ ನಿಮ್ದು?"

"ಉಡುಪಿ ಕಡೆ."

"ಹೊಟೇಲಿನೋರು?"

"ಹೌದು."

"ನಿಮ್ಮ ಕನ್ನಡಾ ರೇಡಿಯೋದಾಗ ಬರೂ ಹಂಗೈತಿ," ಎಂದರು. ಒಂದು ಗುಟುಕು ನೀರು ಕುಡಿದರು. ಆಮೇಲೆ ನನ್ನ ಕೈಯನ್ನು ಬಿಡಲಿಲ್ಲ.

ಬಸಪ್ಪನವರ ಹಣೆಯ ತುಂಬ ವಿಭೂತಿ ಇತ್ತು. ನೀಲವ್ವನ ಕೊರಳಲ್ಲಿ ದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಎರಡನ್ನೂ ನಾನು ಕಣ್ಣಾರೆ ನೋಡಿದೆ. ನೋಡಿ, ಲಿಂಗಾಯತರು ಎಂದು ಮನಸ್ಸಿನಲ್ಲೇ ಅಂದುಕೊಂಡೆ ಕೂಡ. ಅಂದುಕೊಂಡು ಅಲ್ಲಿಗೇ ಬಿಟ್ಟೆ. ಅಲ್ಲಿದ್ದ ಇನ್ನೂರು ಜನರಲ್ಲಿ ಅದರ ಮುಂದಿನ ಮಾತು ಹೊಳೆಯಬೇಕಾಗಿದ್ದದ್ದು ನನಗೊಬ್ಬಳಿಗೆ, ನನಗೇ ಹೊಳೆಯಲಿಲ್ಲ.

ಮೆರವಣಿಗೆ ಹೊರಡುವ ಹೊತ್ತಿಗೆ ನೀಲವ್ವನನ್ನು ಕಾರಿನಲ್ಲಿ ಕೂರಿಸಲು ನೋಡಿದರು. ಅವರು ಒಪ್ಪಲಿಲ್ಲ. ಮಗನ ಪೆಟ್ಟಿಗೆಯಿದ್ದ ಹೂವಿನ ಟ್ರಕ್ಕಿಗೆ ಹತ್ತಿಸಿದರೆ ಬಿಸಿಲಿಗೆ, ಚೆಂಡು ಹೂವಿನ ವಾಸನೆಗೆ ತಲೆ ಸುತ್ತು ಬಂತು. ಕೆಳಗಿಳಿದವರು ನನ್ನ ಸ್ಕೂಟರ್ ತೋರಿಸಿದರು.

"ನಾ ಇದರ ಮ್ಯಾಲ ಕುಂದರ್ತೀನ್ರಿ. ಅವನ ಮುಂದ ಹೋಗ್ತೀನಿ. ಸಾಲಿಗೆ ಹೋಗೂ ಮುಂದ ನಾ ಮುಂದ, ಅವ ಹಿಂದ. ಹಂಗ ರೂಢಿ ಅವಂಗ."

ಸಾಲಿ ಎಂದರೆ ಅವರ ಕಡೆ ಶಾಲೆ. ನಾನು ಮಾನೆ ಸಾಹೇಬರಿಗೆ ಹೇಳಿದೆ. ಅವರು ಮೀಸೆ ಉಜ್ಜಿಕೊಂಡರು. ಸಾಲಿನಲ್ಲಿ ಸ್ಕೂಟರು ಆವತ್ತಿನವರೆಗೂ ಹೋದದ್ದಿಲ್ಲ. ಆಮೇಲೆ ಕೈಸನ್ನೆಯಲ್ಲೇ ಎರಡು ಗಾಡಿ ಪಕ್ಕಕ್ಕೆ ಸರಿಸಿ, ಟ್ರಕ್ಕಿನ ಸರಿ ಮುಂದೆ ನನಗೆ ಜಾಗ ಮಾಡಿಕೊಟ್ಟರು. ನನ್ನ ಎದೆ ಹೊಡೆದುಕೊಂಡದ್ದು ನಿಜ. ಭಯಕ್ಕೋ ಜಂಬಕ್ಕೋ ಎಂದು ಕೇಳಬೇಡಿ. ದಾರಿ ಮೂರೂವರೆ ಕಿಲೋಮೀಟರು. ನದಿಯ ದಡದ ಸ್ಮಶಾನದಲ್ಲಿ ಕಟ್ಟಿಗೆ ಒಟ್ಟಿ ಎಲ್ಲ ತಯಾರಾಗಿತ್ತು.

ಇನ್ನೂರು ಹೆಜ್ಜೆ ಹೋಗಿರಬಹುದು. ಹಿಂದಿನಿಂದ ನೀಲವ್ವ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು:

"ಅಕ್ಕಾರ, ಕುಣಿ ತಗದಾರೇನ್ರಿ?"

ಕುಣಿ. ಗುಂಡಿ. ಮಣ್ಣು ಮಾಡುವ ಗುಂಡಿ.

"ಆಳಾ ತಗೀಬೇಕ್ರಿ, ಇಲ್ಲಿ ಮಳಿ ಭಾಳ. ಅಯ್ಯನೋರು ಸೊಲ್ಲಾಪುರದಿಂದ ರೈಲಿನಾಗ ಬರಾಕ ಹತ್ಯಾರ, ಸೀದಾ ಅಲ್ಲಿಗೇ ಬರ್ತಾರ. ಕುಂದರಿಸಿ ಇಡೂದು ಆಗದಿದ್ರ ಪೆಟಿಗಿಯೊಳಗ ಮಲಗಿಸೇ ಇಡ್ಲಿ. ಮಣ್ಣ ಚಂದಂಗ ಆಗ್ಲಿ, ಸಾಕು."

ಆಗ ನನಗೆ ಗೊತ್ತಾಯಿತು. ಆ ಹೆಂಗಸು ಕೂತದ್ದು ತನ್ನ ಮಗನನ್ನು ಸುಡಲು ನಾನು ತಂದಿದ್ದ ತುಪ್ಪದ ಮೇಲೆ. ನಡುವೆ ಒಂದು ಸೀಟು ಮಾತ್ರ.

ನಾನು ಬ್ರೇಕು ಹಿಡಿದೆ. ನನ್ನ ಹಿಂದೆ ಸೈನ್ಯದ ಟ್ರಕ್ಕು ನಿಂತಿತು, ಮುಂದಿನ ಗಾಡಿಗಳು ಸ್ವಲ್ಪ ದೂರ ಹೋಗಿ ನಿಂತವು. ಮಾನೆ ಸಾಹೇಬರು ಗಾಡಿ ಬಿಟ್ಟು ನಡೆದು ಬಂದರು. ಮುಖ ಕೆಂಪಾಗಿತ್ತು.

"ಕಾಕೂ, ಕಾಯ ಕೇಲಂತ? ಥಾಂಬಾಯಚ ನಾಹೀ!" ಏನು ಮಾಡಿದಿರಿ, ನಿಲ್ಲಬಾರದು!

ನನ್ನ ಮರಾಠಿ ಸಂತೆಯ ಮರಾಠಿ. ಬದನೆಕಾಯಿ ಹುಳುಕಿದೆ ಎಂದು ಹೇಳುವುದಕ್ಕೆ ಸಾಕು, ಇದಕ್ಕೆ ಸಾಲದು. ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಹೇಳಿದೆ: ಇವರಲ್ಲಿ ಸುಡುವುದಿಲ್ಲ. ಮಣ್ಣು ಮಾಡುತ್ತಾರೆ. ಅವರಿಗೆ ಚಿತೆಯ ವಿಷಯ ಗೊತ್ತೇ ಇಲ್ಲ.

ಮಾನೆ ಸಾಹೇಬರ ಮುಖದ ಕೆಂಪು ಹೋಗಿ ಬೂದಿ ಬಣ್ಣ ಬಂತು. ಸೈನ್ಯದ ಕಡೆಯಿಂದ ಬಂದಿದ್ದ ಸುಬೇದಾರರನ್ನು ಕರೆದರು. ಮೂವರೂ ಬಸಪ್ಪನವರ ಹತ್ತಿರ ಹೋದೆವು. ಅವರು ಟ್ರಕ್ಕಿನ ಹಿಂದೆ, ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದರು. ನಾನು ಕೇಳಿದೆ. ಅವರು ಹೆಗಲ ಮೇಲಿನ ಟವೆಲಿನಿಂದ ಬಾಯಿ ಒರೆಸಿಕೊಂಡರು.

"ಹೌದ್ರಿ. ನಮ್ಮೊಳಗ ಮಣ್ಣ."

"ಮತ್ತೆ ಯಾಕೆ ಹೇಳಲಿಲ್ಲ?"

"ಮುಂಜಾನಿ ಚಾಳಿನ ಹಿರ್ಯಾರು ಬಂದು ಹನ್ನೆರಡಕ್ಕ ಎಲ್ಲಾ ತಯಾರೈತಿ ಅಂದ್ರು. ಹೂಂ ಅಂದೆ. ಆಮ್ಯಾಲ ಕಟ್ಟಿಗಿ ಬಂತು ಅಂದ್ರು. ಇಷ್ಟ್ ದೊಡ್ಡ ದೊಡ್ಡ ಸಾಹೇಬ್ರು, ಇಷ್ಟೆಲ್ಲಾ ಮಾಡ್ಯಾರ, ಈಗ ಬ್ಯಾಡ ಅಂದ್ರ ಹೆಂಗ್ರಿ? ಅಕೀಗೆ ಹೆಂಗ ಹೇಳ್ಲಿ ಅಂತ ಅದನ್ನ ವಿಚಾರ ಮಾಡ್ಕೋತ ಬರಾಕ ಹತ್ತಿದ್ದೆ."

ಇದನ್ನು ನಾನು ಹಿಂದಿಗೆ ಮಾಡಿ ಹೇಳಿದೆ. ಸುಬೇದಾರರು ಟೊಪ್ಪಿಗೆ ಸರಿಮಾಡಿಕೊಂಡು ಬಸಪ್ಪನವರ ಎರಡೂ ಕೈ ಹಿಡಿದರು. "ಬಾಬಾ, ರೀತಿ ಆಪಕೀ ಚಲೇಗೀ. ಹಮ್ ತೋ ಸಲಾಮೀ ದೇನೇ ಆಯೇ ಹೈಂ." ನಡೆಯುವುದು ನಿಮ್ಮ ಪದ್ಧತಿ, ನಾವು ಸೆಲ್ಯೂಟು ಕೊಡಲು ಬಂದವರು.

ಸ್ಮಶಾನದ ಆವರಣದಲ್ಲೇ ಹಿಂದಿನ ಮೂಲೆಯಲ್ಲಿ ಮಣ್ಣು ಮಾಡುವವರ ಜಾಗ ಇತ್ತು, ಅನುಮತಿಗೆ ಸುಬೇದಾರರೇ ಫೋನು ಹಿಡಿದರು. ಗುಂಡಿ ತೆಗೆಯಲು ಎರಡು ತಾಸಾದರೂ ಬೇಕು. ಅಷ್ಟು ಹೊತ್ತು ಟ್ರಕ್ಕನ್ನು ಎಲ್ಲಿ ನಿಲ್ಲಿಸುವುದು? ರಸ್ತೆಯಲ್ಲಿ ನಿಲ್ಲಿಸಿದರೆ ಏನಾಯಿತು ಎಂದು ಜನ ಮುತ್ತುತ್ತಾರೆ. ಮುಂದೆ ಹೋಗಿ ನಿಲ್ಲಿಸಿದರೆ ನೀಲವ್ವ ಕಾಣುವುದು ಒಟ್ಟಿದ ಕಟ್ಟಿಗೆಯನ್ನು.

ಸುಬೇದಾರರು ಹೇಳಿದ್ದು ಇಷ್ಟೇ: ನಿಲ್ಲಿಸಬೇಡಿ, ಮೆಲ್ಲಗೆ ಹೋಗಿ.

ನಿಶಾ ಆಗಲೇ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಿದ್ದಳು. "ಮಮ್ಮಾ, ಹಮ್ ಆಗೇ ಜಾತೇ ಹೈಂ. ತೂ ಬಸ್ ಧೀರೇ ಚಲಾ," ಎಂದಳು. ನಾವು ಮುಂದೆ ಹೋಗುತ್ತೇವೆ, ನೀನು ನಿಧಾನ ಬಿಡು, ಸಾಕು. ಹುಟ್ಟಿದಾಗಿನಿಂದ ಅವಳು ಈ ಮಾತನ್ನು ನನಗೆ ಹೇಳಿದ್ದು ಅದೇ ಮೊದಲು. ಅವಳು, ಮೀನಿನ ವ್ಯಾಪಾರದ ಅಣ್ಣ-ತಮ್ಮ, ಹಲ್ಲಿನ ಡಾಕ್ಟರು, ಇನ್ನೂ ನಾಲ್ಕು ಜನ ಪಕ್ಕದ ಗಲ್ಲಿಯಿಂದ ಗಾಡಿ ಹಾರಿಸಿಕೊಂಡು ಹೋದರು. ಮಾನೆ ಸಾಹೇಬರು ಉಳಿದವರನ್ನೆಲ್ಲ ಹಿಂದಕ್ಕೆ ಸರಿಸಿದರು. "ಕಾಕೂ, ಆತಾ ತುಮ್ಹೀ ಪುಢೇ." ಈಗ ನೀವು ಮುಂದೆ.

ನೀಲವ್ವನಿಗೆ ಏನು ಹೇಳಬೇಕು? ಸ್ಕೂಟರಿನತ್ತ ನಡೆಯುವಾಗ ಸುಳ್ಳೊಂದನ್ನು ತಯಾರು ಮಾಡಿಕೊಂಡಿದ್ದೆ. ಅವರ ಮುಖ ನೋಡಿದ ಮೇಲೆ ಅದು ಬಾಯಿಗೆ ಬರಲಿಲ್ಲ. "ಗುಂಡಿ ಈಗ ತೆಗೆಯಲು ಶುರು ಮಾಡಿದ್ದಾರೆ ಅಮ್ಮ. ನಮಗೆ ಗೊತ್ತಾಗಲಿಲ್ಲ. ಸ್ವಲ್ಪ ತಡ ಆಗ್ತದೆ. ನಾವು ಮೆಲ್ಲಗೆ ಹೋಗುವ."

"ಸುಡಂಗಿಲ್ಲಲ್ರಿ?"

"ಇಲ್ಲ."

"ನಿಮ್ಮ ಮಗಳ ಆಣಿ?"

"ಗುಂಡಿ ತೋಡಲಿಕ್ಕೆ ಹೋದದ್ದೇ ನನ್ನ ಮಗಳು," ಎಂದೆ.

ನನ್ನ ಬೆನ್ನಿನ ಮೇಲೆ ಅವರ ಉಸಿರು ಬಿದ್ದದ್ದು ಗೊತ್ತಾಯಿತು. "ಹಂಗಾರ ನಡೀರಿ. ಎಷ್ಟ್ ಮೆಲ್ಲಕ ಬೇಕೋ ಅಷ್ಟ್ ಮೆಲ್ಲಕ ನಡೀರಿ."

ಆಮೇಲೆ ನಾನು ಸ್ಕೂಟರ್ ಬಿಟ್ಟ ರೀತಿಯನ್ನು ನನ್ನ ಸೋದರಮಾವ ನೋಡಬೇಕಿತ್ತು. ಗುಟ್ಟು ಇರುವುದು ಹಿಂದಿನ ಬ್ರೇಕಿನಲ್ಲಿ. ಎಕ್ಸಿಲರೇಟರನ್ನು ಕೂದಲೆಳೆಯಷ್ಟು ತಿರುಗಿಸಿಕೊಂಡೇ ಬ್ರೇಕನ್ನು ಬೆರಳ ತುದಿಯಲ್ಲಿ ಹಿಡಿದಿರಬೇಕು. ಮೊಸರು ಕಡೆಯುವಾಗ ಬೆಣ್ಣೆ ಬರುವ ಹೊತ್ತಿಗೆ ಕೈ ಹೇಗೆ ತಾನಾಗಿ ಹಗುರಾಗುತ್ತದೋ ಹಾಗೆ. ಕಣ್ಣು ದೂರದಲ್ಲಿರಬೇಕು, ಚಕ್ರದ ಮೇಲಲ್ಲ. ಕಾಲು ನೆಲಕ್ಕೆ ತಾಗಬಾರದು ಎಂದು ಯಾರೂ ಹೇಳಿರಲಿಲ್ಲ. ನನಗೆ ನಾನೇ ಹೇಳಿಕೊಂಡೆ. ತಲೆಯ ಮೇಲೆ ಬುಟ್ಟಿ ಹೊತ್ತ ಮೆಂತೆಸೊಪ್ಪಿನವಳು ನಮ್ಮನ್ನು ದಾಟಿ ಹೋದಳು. ಕೋಲೂರಿಕೊಂಡು ನಡೆಯುವ ಒಬ್ಬ ಮುದುಕರು ದಾಟಿದರು, ದಾಟಿ ಮುಂದೆ ನಿಂತು ನಮಸ್ಕಾರ ಮಾಡಿದರು. ಹಿಂದಿನ ಹದಿನಾಲ್ಕು ಗಾಡಿಗಳವರು ಒಬ್ಬೊಬ್ಬರಾಗಿ ಎಂಜಿನ್ನು ಬಂದ್ ಮಾಡಿ, ಇಳಿದು, ಗಾಡಿ ತಳ್ಳಿಕೊಂಡು ಬರತೊಡಗಿದರು. ತಿರುಗಿ ನೋಡಲು ಆಗುವಂತಿರಲಿಲ್ಲ. ಸದ್ದು ಕಡಿಮೆಯಾಗುತ್ತಾ ಹೋದದ್ದರಿಂದ ಗೊತ್ತಾಯಿತು. ಕೊನೆಗೆ ಕೇಳಿಸುತ್ತಿದ್ದದ್ದು ನನ್ನ ಸ್ಕೂಟರು, ಟ್ರಕ್ಕು, ಜನರ ಚಪ್ಪಲಿ ಸದ್ದು.

ನೀಲವ್ವ ಮಾತಾಡುತ್ತಲೇ ಇದ್ದರು. ಈರಣ್ಣ ರಜೆಗೆ ಬಂದಾಗ ಬೆಳಿಗ್ಗೆ ಹತ್ತು ಗಂಟೆ ತನಕ ಏಳುತ್ತಿರಲಿಲ್ಲ, ಮಿಲಿಟರಿಯಾಗ ಅದೆಂಗ ಏಳ್ತಿದ್ನೋ ಎಂದರು. ಕಟಕ ರೊಟ್ಟಿಗೆ ತುಪ್ಪ ಸುರಿದುಕೊಂಡು ತಿನ್ನುತ್ತಿದ್ದನಂತೆ, ಬಟ್ಟಲು ಖಾಲಿಯಾದರೆ ಬೆರಳಿನಿಂದ ಬಳಿಯುತ್ತಿದ್ದನಂತೆ. ತುಪ್ಪ ಎಂಬ ಮಾತು ಬಂದಾಗಲೆಲ್ಲ ನನ್ನ ಕೈಯಲ್ಲಿ ಸ್ಕೂಟರು ಒಂದಿಷ್ಟು ಅಲ್ಲಾಡಿತು. ಒಮ್ಮೆ ಕೇಳಿದರು, "ಅಕ್ಕಾರ, ನೀವು ಯಾವಾಗ್ಲೂ ಹಿಂಗ ಹೊಡೀತೀರೇನ್ರಿ?" ಹೌದು ಎಂದೆ. "ಮನ್ಯಾಗ ಬಯ್ಯಂಗಿಲ್ಲಾ?" ಬಯ್ಯುತ್ತಾರೆ ಎಂದೆ.

ಸ್ಮಶಾನದ ಗೇಟು ಕಾಣುವಷ್ಟು ಹತ್ತಿರ ಬಂದಾಗ ಒಂದು ತಾಸು ಮೂವತ್ತೈದು ನಿಮಿಷ ಆಗಿತ್ತು. ಆಗ ಮಾನೆ ಸಾಹೇಬರು ಪಕ್ಕಕ್ಕೆ ಬಂದು ಪಿಸುಗುಟ್ಟಿದರು: ನಿಶಾಳ ಫೋನು, ಗುಂಡಿಯಲ್ಲಿ ಕಲ್ಲು ಸಿಕ್ಕಿದೆ, ಇನ್ನೂ ಅರ್ಧ ತಾಸು. ಇದಕ್ಕಿಂತ ನಿಧಾನ ಹೋಗುವುದಾದರೆ ಹಿಂದಕ್ಕೆ ಹೋಗಬೇಕು. ನನ್ನ ಬೆರಳುಗಳಲ್ಲಿ ಜೀವ ಇರಲಿಲ್ಲ. ಗೇಟಿನ ಈಚೆಗೆ ಒಂದು ಶಾಲೆ. ಮಕ್ಕಳನ್ನು ಕಂಪೌಂಡಿನ ಒಳಗೆ ಸಾಲಾಗಿ ನಿಲ್ಲಿಸಿದ್ದರು, ಕೈಯಲ್ಲಿ ಒಂದೊಂದು ಹೂವು. ದೂರದಿಂದಲೇ ಎಸೆಯಲಿ ಎಂದು ಟೀಚರು ಹೇಳಿದ್ದರೋ ಏನೋ, ಮುಂದಿನ ಸಾಲಿನವರು ಕೈ ಎತ್ತಿದ್ದರು.

ನೀಲವ್ವ ನನ್ನ ಭುಜ ಒತ್ತಿದರು. "ನಿಲ್ಲಸ್ರಿ." ಮಾನೆ ಸಾಹೇಬರ ಪಿಸುಮಾತಿನ ಅರ್ಥ ಅವರಿಗೆ ಆಗಿತ್ತೋ, ನನ್ನ ಬೆನ್ನು ಬಿಗಿಯಾದದ್ದರಿಂದಲೇ ತಿಳಿಯಿತೋ, ನಾನು ಕೇಳಲಿಲ್ಲ. ಅವರು ಇಳಿದು ಕಂಪೌಂಡಿನ ಗೇಟು ತಾವೇ ತೆಗೆದರು.

"ಒಗೀಬ್ಯಾಡ್ರಿ. ಬರ್ರಿ, ಒಬ್ಬೊಬ್ರ ಬರ್ರಿ. ಅವಸರಿಲ್ಲ. ನಮಗೂ ಅವಸರಿಲ್ಲ."

ಕನ್ನಡ ಒಂದು ಮಗುವಿಗೂ ಬರುತ್ತಿರಲಿಲ್ಲ. ಎಲ್ಲ ಮಕ್ಕಳೂ ಬಂದವು. ಸೈನಿಕರು ಒಂದೊಂದನ್ನೇ ಎತ್ತಿ ಹೂವಿಡಿಸಿ ಇಳಿಸಿದರು. ಇಳಿದ ಪ್ರತಿಯೊಂದರ ತಲೆಯನ್ನೂ ನೀಲವ್ವ ಮುಟ್ಟಿದರು. ಒಬ್ಬ ಹುಡುಗಿಯ ಬಿಚ್ಚಿಹೋದ ರಿಬ್ಬನ್ನನ್ನು ನಿಂತು ಕಟ್ಟಿದರು, ಬಹಳ ಹೊತ್ತು ತೆಗೆದುಕೊಂಡು, ಎರಡು ಸಲ ಬಿಚ್ಚಿ. ಆಕೆ ಸಮಯವನ್ನು ಹಿಡಿದು ಎಳೆಯುತ್ತಿದ್ದಾರೆ ಎಂದು ನನಗೆ ಆಗ ಗೊತ್ತಾಯಿತು. ನಿಧಾನದಲ್ಲಿ ನನ್ನನ್ನು ಮೀರಿಸಿದವರು ಅವರೊಬ್ಬರೇ.

ಕೊನೆಯ ಮಗು ಇಳಿಯುವಾಗ ಮಾನೆ ಸಾಹೇಬರ ಫೋನು ಅಲುಗಿತು. ಅವರು ನನ್ನ ಕಡೆ ನೋಡಿ ಕಣ್ಣು ಮುಚ್ಚಿ ತೆರೆದರು. ಆಯಿತು.

ಅಲ್ಲಿಯ ತನಕ ಹಿಡಿದಿಟ್ಟ ಉಸಿರನ್ನು ನಾನು ಹೇಗೆ ಬಿಟ್ಟೆನೆಂದರೆ, ಸ್ಕೂಟರಿನ ಕನ್ನಡಿಯ ಮೇಲೆ ಮಬ್ಬು ಕಟ್ಟಿತು. ಗೇಟಿನೊಳಗೆ ಹೋದಾಗ ಕಟ್ಟಿಗೆ ಒಟ್ಟಿದ್ದ ಕಟ್ಟೆ ಖಾಲಿ. ಒಂದು ಚಕ್ಕೆಯೂ ಉಳಿಯದಂತೆ ಯಾರೋ ಗುಡಿಸಿದ್ದರು. ಹಿಂದಿನ ಮೂಲೆಯಲ್ಲಿ ಆಳವಾದ, ನೇರ ಗೋಡೆಯ ಗುಂಡಿ. ಅದರ ಬದಿಯಲ್ಲಿ ಹಲ್ಲಿನ ಡಾಕ್ಟರು, ಮೀನಿನ ವ್ಯಾಪಾರದ ಅಣ್ಣ-ತಮ್ಮ, ನನ್ನ ಮಗಳು, ಎಲ್ಲರ ಬಿಳಿ ಅಂಗಿಯೂ ಕೆಮ್ಮಣ್ಣಿನ ಬಣ್ಣ. ಅಯ್ಯನವರು ಸ್ಟೇಷನ್ನಿನಿಂದ ಬಂದು, ಏನೊಂದೂ ಗೊತ್ತಿಲ್ಲದೆ, ಗುಂಡಿಯ ಹತ್ತಿರ ವಿಭೂತಿ, ಬಿಲ್ವಪತ್ರೆ ಜೋಡಿಸುತ್ತಿದ್ದರು. ಸೈನ್ಯದವರು ಮೂರು ಸಲ ಗುಂಡು ಹಾರಿಸಿದರು, ಕಹಳೆ ಊದಿದರು. ಬಸಪ್ಪನವರು ಮೊದಲ ಹಿಡಿ ಮಣ್ಣು ಹಾಕಿದರು. ನೀಲವ್ವ ಹಾಕುವ ಮೊದಲು ಮಣ್ಣನ್ನು ಬೆರಳಲ್ಲಿ ಪುಡಿ ಮಾಡಿ, ಅದರಲ್ಲಿದ್ದ ಸಣ್ಣ ಸಣ್ಣ ಕಲ್ಲು ಆರಿಸಿ ಬದಿಗಿಟ್ಟರು. ಅಕ್ಕಿಯಿಂದ ಆರಿಸುವ ಹಾಗೆ. ಅಷ್ಟು ಹೊತ್ತು ಎಲ್ಲರೂ ಕಾದೆವು.

ಮುಗಿದ ಮೇಲೆ ಅವರಿಗೆ ನೀರು ಬೇಕಾಯಿತು. ಬಾಟಲಿ ಡಿಕ್ಕಿಯಲ್ಲಿ. ಸೀಟು ಎತ್ತಿದೆ, ಅವರು ಪಕ್ಕದಲ್ಲೇ ನಿಂತಿದ್ದರು.

"ಏನ್ರಿ ಅವು?"

"ತುಪ್ಪ," ಎಂದೆ. ಬೇರೆ ಏನು ಹೇಳಲಿ.

ಅವರು ಪ್ಯಾಕೆಟ್ಟುಗಳನ್ನು ನೋಡಿದರು, ನನ್ನನ್ನು ನೋಡಿದರು. ಎಲ್ಲ ತಿಳಿಯಿತು. ನಾನು ತಲೆ ತಗ್ಗಿಸಿದೆ.

"ಇಷ್ಟೊತ್ತನಾ ನಾ ಇದರ ಮ್ಯಾಲ ಕುಂತಿದ್ನ್ಯಾ?" ಎಂದವರು, ನೀವು ನಂಬಬೇಕು, ಸೆರಗು ಬಾಯಿಗೆ ಹಿಡಿದು ಒಮ್ಮೆ ನಕ್ಕರು. ನಕ್ಕು ಅತ್ತರು. ಅತ್ತು ಮುಖ ಒರೆಸಿಕೊಂಡು ಹೇಳಿದರು:

"ಬೆಂಕಿಗೆ ಹಾಕಿಲ್ಲಲಾ, ಹಂಗಾರ ಅದು ಬರೇ ತುಪ್ಪ. ಕುಣಿ ತೋಡಿದ ಹುಡುಗೂರಿಗೆ ಹಂಚ್ರಿ. ಬಿಸಿ ಅನ್ನಕ್ಕ ಹಾಕ್ಕೊಂಡು ಹೊಟ್ಟಿ ತುಂಬ ಉಣ್ಲಿ. ನನ್ನ ಮಗನ ಹೆಸರಿಲೆ ತಂದದ್ದು, ಕೆಡಸಬ್ಯಾಡ್ರಿ."

ಐದು ಪ್ಯಾಕೆಟ್ಟು ಹಂಚಿದೆ. ಒಂದು ನಮ್ಮ ಮನೆಗೆ ಬಂತು.

ನಮ್ಮಲ್ಲಿ ಸಾವಿನ ಮನೆಯಿಂದ ಬಂದರೆ ಮೊದಲು ಸ್ನಾನ, ಆಮೇಲೆ ಮಾತು. ಸ್ನಾನ ಮುಗಿಸಿ ಬಂದು ಇವರಿಗೆ ಎಲ್ಲ ಹೇಳಿದೆ. ತುಪ್ಪದ ಪ್ಯಾಕೆಟ್ಟನ್ನು ಮೇಜಿನ ಮೇಲಿಟ್ಟೆ. ಇವರು ಅದನ್ನು ಸ್ವಲ್ಪ ಹೊತ್ತು ನೋಡಿದರು. ಸ್ಮಶಾನಕ್ಕೆ ಹೋಗಿ ಬಂದದ್ದು ಊಟಕ್ಕೆ ಆಗುವುದಿಲ್ಲ ಎನ್ನುತ್ತಾರೆ ಎಂದುಕೊಂಡೆ. "ತಾಯಿಯೇ ಹೇಳಿದ್ದಲ್ವಾ?" ಎಂದು ಕೇಳಿ, ಕತ್ತರಿ ತಂದು ಮೂಲೆ ಕತ್ತರಿಸಿದರು. ಗಂಜಿ ಮಾಡಿಟ್ಟಿದ್ದರು. ಹೋಟೆಲಿನವರಲ್ಲವೇ, ಮೂರು ಜನಕ್ಕೆ ಅಡುಗೆ ಮಾಡಲು ಬರುವುದಿಲ್ಲ. ಪಾತ್ರೆಯಲ್ಲಿ ಅರ್ಧ ಬಿಲ್ಡಿಂಗಿಗೆ ಆಗುವಷ್ಟಿತ್ತು. ನಿಶಾಳ ಅಂಗೈಯಲ್ಲಿ ನಾಲ್ಕು ಬೊಬ್ಬೆ. ಚಮಚದಲ್ಲಿ ಉಂಡಳು. "ಔರ್ ದೇ" ಎಂದು ಎರಡು ಸಲ ತುಪ್ಪ ಕೇಳಿದಳು, ತೂಕದ ಲೆಕ್ಕ ಇಡುವ ಹುಡುಗಿ. ಬಟ್ಟಲಿನ ತಳವನ್ನು ಬೆರಳಿನಿಂದ ಬಳಿದಳು. ನಾನು ಅದನ್ನು ನೋಡುತ್ತಾ ಕೂತೆ. ಅಲ್ಲಿಂದ ಮುಂದೆ ನನಗೆ ನೆನಪಿಲ್ಲ.

ಚೌಕದ ಕೊನೆಯ ಎರಡು ಸಾಲು ಇವರದ್ದು. ಹೋಟೆಲಿನ ಬಿಲ್ಲು ಬರೆದು ರೂಢಿಯಾದ, ಓರೆಯ, ಅವಸರದ ಅಕ್ಷರ:

ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಈರಣ್ಣನ ತುಪ್ಪ. ಉದ್ದು ನಾನೇ ರುಬ್ಬಿದೆ.
ಇವಳು ಎಂಟು ಗಂಟೆಗೇ, ಎಲ್ಲರಿಗಿಂತ ಮೊದಲು ಮಲಗಿದಳು, ಕೂತಲ್ಲೇ, ಬ್ರೇಕು ಹಿಡಿದ ಹಾಗೆ ಕೈ ಮಡಚಿಕೊಂಡು.